ಜುಟ್ಟು ಕೂರದ ಹುಂಜ

ಅಪ್ಪ ಬರೆದದ್ದು ಒಂದೇ ಹುಂಜ.
ಅಂದರೆ ಒಂದೇ ಸಲ. ಆಮೇಲೆ ಅದು ತಾನೇ
ಲಕ್ಷವಾಗಿ, ಹತ್ತು ಲಕ್ಷವಾಗಿ,
ಬೀಡಿಕಟ್ಟಿನ ಸೊಂಟ ಸುತ್ತಿಕೊಂಡು
ನರಸೀಪುರ, ಮಳವಳ್ಳಿ, ಪಾಂಡವಪುರದ ಗೂಡಂಗಡಿಗಳಲ್ಲಿ
ಒಂಟಿಕಾಲಲ್ಲಿ ನಿಂತಿತು.

ಮೈಸೂರಿನ ಲಷ್ಕರ್ ಮೊಹಲ್ಲಾ, ಕಲ್ಲಚ್ಚಿನ ಪ್ರೆಸ್ಸು.
ಯಾಕೂಬ್ ಸಾಹೇಬರು ಮೊದಲು ತಂದುಕೊಟ್ಟದ್ದು
ಸೀಮೆಯ ಕ್ಯಾಲೆಂಡರಿನ ಒಂದು ಹಾಳೆ:
ಹಿಟ್ಟಿನ ಮೂಟೆಯಂಥ ಬಿಳೀ ಕೋಳಿ,
ಬಾಚಿದ ಕ್ರಾಪಿನ ಹಾಗೆ ಒಂದು ಕಡೆ ವಾಲಿದ ಜುಟ್ಟು,
ಹಿಂದೆ ಬೇಲಿ, ಗೌನು ತೊಟ್ಟ ಹುಡುಗಿ.
"ಇದು ಕೂಗೋ ಜಾತಿ ಅಲ್ಲ ಸಾಬ್ರೇ,
ತೂಗೋ ಜಾತಿ" ಎಂದ ಅಪ್ಪ.

ದೊಡ್ಡಿ ಸಂತೆಯಿಂದ ಬಸ್ಸಿನಲ್ಲಿ
ತಲೆಕೆಳಗಾಗಿ ಬಂತು ನಾಟಿ ಹುಂಜ.
ಎಳೆಪಾಕದ ಬೆಲ್ಲದ ಬಣ್ಣದ ಕತ್ತು,
ಬಾಲದ ಕಪ್ಪಿನೊಳಗೆ, ತಿರುಗಿಸಿದರೆ ಮಾತ್ರ ಕಾಣುವ ಹಸಿರು.
ಕಾಲು ಹಿಡಿಯುವ ಕೆಲಸ ನನ್ನದು. ಎಂಟು ವರ್ಷ ನನಗೆ.
"ಎತ್ತು ಚೆನ್ನಿ, ಇನ್ನೂ ಎತ್ತು, ಬಲಗಾಲು."
ಮುಂಗೈಗೆ ಮುಳ್ಳಲ್ಲಿ ಗೀರಿತು. ಇನ್ನೂ ಇದೆ,
ಆ ಚಿತ್ರದ್ದೇ ಗೆರೆ, ಅಪ್ಪ ಎಳೆಯದ್ದು.

ಕಲ್ಲಿನ ಮೇಲೆ ಎಲ್ಲವೂ ಉಲ್ಟಾ.
ಅಲ್ಲಿ ಪಡುವಣಕ್ಕೆ ಮುಖ ಮಾಡಿದ ಹುಂಜ
ಕಾಗದಕ್ಕೆ ಇಳಿದಾಗ ಮೂಡಣಕ್ಕೆ ತಿರುಗುತ್ತದೆ.
'ಹುಂಜದ ಮಾರ್ಕು' ಎನ್ನುವುದರ ಕೊಂಬು, ಒತ್ತು
ಎಲ್ಲ ಕನ್ನಡಿಯೊಳಗಿನ ಕನ್ನಡ.
ಊಟದೆಲೆಯ ಮೇಲೂ ಅಪ್ಪನ ಬೆರಳು
ಹಾಗೇ ಬರೆಯುತ್ತಿತ್ತು; ಅವ್ವ ಸಾರು ಬಡಿಸಿ ಅಳಿಸುತ್ತಿದ್ದಳು.
ಚಿತ್ರ ಮುಗಿದ ಭಾನುವಾರ ಯಾವ ಸಾರು
ಎಂದು ಕೇಳಬೇಡಿ. ನಾನು ಉಣ್ಣಲಿಲ್ಲ ಎಂದರೆ ಸುಳ್ಳು.
ಎರಡು ಮುದ್ದೆ ಉಂಡೆ.

ಹಳದಿಗೆ ಒಂದು ಕಲ್ಲು, ಹಸಿರಿಗೆ ಒಂದು,
ಕೆಂಪಿಗೆ ಒಂದು.
ಕೆಂಪಿನ ದಿನ ಮಿಷನ್ನಿನ ಜವರಣ್ಣನಿಗೆ ಜ್ವರವೋ
ಕಾಗದಕ್ಕೇ ಥಂಡಿಯೋ,
ಒಂದು ರಾಗಿಕಾಳಿನಷ್ಟು ಜರುಗಿತು.
ಜುಟ್ಟು ತಲೆ ಬಿಟ್ಟು ಮೇಲೆ ತೇಲಿತು,
ನಡುವೆ ಒಂದು ಬಿಳಿ ಸಂದು.
ಐವತ್ತು ಸಾವಿರ ಹುಂಜ, ಐವತ್ತು ಸಾವಿರ
ತಲೆಗೆ ಕೂರದ ಜುಟ್ಟು.
ಅಪ್ಪ ಎರಡು ದಿನ ಪ್ರೆಸ್ಸಿನ ಕಡೆ ತಲೆ ಹಾಕಲಿಲ್ಲ.

ವರ್ಷ ತುಂಬುವುದರೊಳಗೆ ಎಲ್ಲಿಂದಲೋ ನಕಲಿ ಬಂತು.
ಅದೇ ಕಾಲು, ಅದೇ ಬಾಲ, ಜುಟ್ಟು ಮಾತ್ರ
ಅಚ್ಚುಕಟ್ಟಾಗಿ ತಲೆಯ ಮೇಲೆ.
ಮಳವಳ್ಳಿಯ ಗಾಡಿಯವರು ಬೆಳಕಿಗೆ ಹಿಡಿದು ನೋಡಿ
"ಇದು ನಮ್ಮ ಹುಂಜ ಅಲ್ಲ ಕಣಯ್ಯ" ಎಂದು
ಕಟ್ಟನ್ನು ಅಂಗಡಿಯ ಹಲಗೆಗೇ ಎಸೆದರಂತೆ.
ಸಾಹೇಬರು ಚಪ್ಪಲಿ ಮೆಟ್ಟದೆ ಓಡಿಬಂದರು:
"ಸಿದ್ದಪ್ಪಾಜಿ, ಸರಿ ಮಾಡಬೇಡಿ! ಹಾಗೇ ಇರಲಿ!"
ತಪ್ಪನ್ನು ತಪ್ಪದೆ ಬರೆಯುವ ಕಷ್ಟ
ಅವತ್ತಿನಿಂದ ಅಪ್ಪನದು.
ಅಳತೆಗೆಂದು ಬೆಂಕಿಪೊಟ್ಟಣದಲ್ಲಿ
ಒಂದು ರಾಗಿಕಾಳು ಇಟ್ಟುಕೊಂಡಿದ್ದ.

ಹೊಸ ಮಿಷನ್ನು ಬಂದು ಕಲ್ಲುಗಳು ಬೀದಿಗೆ ಬಿದ್ದಾಗ
ಬಾಕಿ ಸಂಬಳದ ಬಾಬ್ತು ನಮಗೊಂದು ಬಂತು.
ಬೆಣ್ಣೆ ಬಣ್ಣದ ಕಲ್ಲು, ಮರಳು ಹಾಕಿ ತಿಕ್ಕಿದ್ದು.
ಹಿತ್ತಿಲಲ್ಲಿ ನಲವತ್ತು ವರ್ಷದಿಂದ
ಅದರ ಮೇಲೇ ನಮ್ಮ ಸೀರೆ, ಪಂಚೆ, ಕೌದಿ.
ಒಣಗಿದಾಗ ಏನೂ ಇಲ್ಲ.
ನೀರು ಸುರಿದರೆ ನಿಧಾನವಾಗಿ, ಹೊಗೆಯ ಹಾಗೆ,
ಒಂದು ಬಾಲ ಏಳುತ್ತದೆ,
ಎತ್ತಿದ ಕಾಲಿನ ಒಂದು ಚೂರು.
ಜುಟ್ಟಿಲ್ಲ. ಹಸಿರಿನ ಕಲ್ಲಿರಬೇಕು.

ಕೆಂಪಿನದು ಯಾರ ಹಿತ್ತಿಲಲ್ಲಿದೆಯೋ.
ನೀರು ಬಿದ್ದಾಗಲೆಲ್ಲ ಅವರಿಗೆ
ಬರೀ ಒಂದು ಜುಟ್ಟು ಏಳುತ್ತಿರಬೇಕು,
ಕೆಳಗೆ ತಲೆಯಿಲ್ಲದೆ, ಯಾವುದರದೆಂದು ತಿಳಿಯದೆ.
ಯಾರೋ ಹೆಂಗಸು ಸೆರಗು ಸಿಕ್ಕಿಸಿ ಕೂತು
ಕಲೆ ಎಂದುಕೊಂಡು
ಉಜ್ಜುತ್ತಿರಬೇಕು.