ರಾಡಿ

ಚಿಪ್ ಇನ್ನೂ ಹುಟ್ಟಿಲ್ಲ.
ಹುಟ್ಟುವ ಮೊದಲೇ ಅದಕ್ಕೆ ಯಾವ ಜ್ವರ ಬಂದೀತು ಎಂದು ನೋಡಲು
ಬೀದರಿನ ಈ ಲ್ಯಾಬಿನಲ್ಲಿ
ಅದರ ಸೋಗು ಹಾಕುವ ಯಂತ್ರವೊಂದನ್ನು ಕಟ್ಟುತ್ತಿದ್ದೇನೆ:
ಹದಿನಾರು ಬೋರ್ಡು, ಗುಜರಿಯ ಎರಡು ಫ್ಯಾನು,
ಕೇಬಲ್ಲುಗಳಿಗೆ ಗುರುತಿಗೆಂದು
ಭಾಗ್ಯವಂತಿ ಸುತ್ತಿದ ಬಣ್ಣದ ದಾರ.

ಉಗುರಿನಷ್ಟು ಚಿಪ್ ಒಂದು ಸೆಕೆಂಡಿನಲ್ಲಿ ಮುಗಿಸುವುದಕ್ಕೆ
ಮೇಜಿನುದ್ದದ ಈ ಸೋಗಿಗೆ ಇಡೀ ಮಧ್ಯಾಹ್ನ ಬೇಕು.
ಆದರೆ ಇದನ್ನು ನಿಲ್ಲಿಸಬಹುದು.
ನಿಲ್ಲು ಅಂದರೆ ಗಡಿಯಾರ ಎತ್ತಿದ ಕಾಲು ಎತ್ತಿದಂತೆಯೇ ನಿಲ್ಲುತ್ತದೆ,
ರಿಜಿಸ್ಟರುಗಳು ಬಾಯಲ್ಲಿದ್ದುದನ್ನು ನುಂಗದೆ ತೋರಿಸುತ್ತವೆ:
ಸೊನ್ನೆ, ಒಂದು, ಒಂದು, ಸೊನ್ನೆ.

ಮೂರು ವಾರದಿಂದ ಒಂದು ತಪ್ಪು.
ನಲವತ್ತೊಂದು ಸಾವಿರದ ಏಳನೆಯ ಬಡಿತಕ್ಕೆ
ಸೊನ್ನೆ ಇರಬೇಕಾದಲ್ಲಿ ಒಂದು.
ಕೆಲವು ಸಲ.
ಪ್ರತಿ ಸಲ ತಪ್ಪುತ್ತಿದ್ದರೆ ಹಿಡಿದುಬಿಡುತ್ತಿದ್ದೆ.
"ನಮ್ಮ ನಕ್ಷೆ ಸರಿ ಇದೆ ಮೇಡಂ," ಹೈದರಾಬಾದಿನಿಂದ ಫೋನು.
"ನಿಮ್ಮದೇ ತಪ್ಪು," ನಾನು.

ಆ ಸಂಜೆ ನೌಬಾದಿನ ಚಹಾದಂಗಡಿಯಲ್ಲಿ ಲಾಡ್ಲೆಸಾಬ,
ನೆಲದಡಿಯ ಹಳೆಯ ನೀರಿನ ಸುರಂಗದ ಹೂಳೆತ್ತುವವನು,
ಬೂಟಿನ ಕೆಸರು ಕೆರೆಯುತ್ತ ಅಂಗಡಿಯವನಿಗೆ ಹೇಳುತ್ತಿದ್ದ:
"ನಾಕನೇ ಕಿಂಡ್ಯಾಗ ನೀರು ರಾಡಿ ಅದ, ಮ್ಯಾಲೆಲ್ಲೋ ಕುಸಿದದ,
ಹುಡುಕು ಅಂದ್ರು ಸಾಹೇಬ್ರು.
ಎರಡ ದಿನ ಹುಡುಕಿದೆ.
ಎಲ್ಲೂ ಕುಸಿದಿಲ್ಲೋ ಮಾರಾಯಾ.
ನೋಡ್ಲಾಕಂತ ನಾ ಇಳಿದಾಗೊಮ್ಮೆ
ಹಗ್ಗ ತಿಕ್ಕಿ ಗ್ವಾಡಿ ಮಣ್ಣು ಉದುರತದ. ರಾಡಿ ನಂದೇ."

ಚಹಾ ಅರ್ಧಕ್ಕೆ ಬಿಟ್ಟು ಓಡಿದೆ ಎಂದರೆ ಸುಳ್ಳು.
ಪೂರ್ತಿ ಕುಡಿದೆ, ಇನ್ನೊಂದು ಹೇಳಿದೆ,
ಅವನ ಬೂಟನ್ನೇ ನೋಡುತ್ತಿದ್ದೆ.

ರಾತ್ರಿ, ಇಣುಕಲೆಂದು ನಾನೇ ಬೆಸೆದಿದ್ದ ತಂತಿ ಕಿತ್ತೆ.
ಆರಂಗುಲ. ಹಸಿರು.
ಅದರ ಭಾರಕ್ಕೆ ಒಂದು ಸಂಕೇತ ಕೂದಲೆಳೆ ತಡವಾಗಿ
ಬಾಗಿಲು ಹಾಕಿದ ಮೇಲೆ ಬರುತ್ತಿತ್ತು;
ಒಳಗೆ ಹಿಂದಿನ ಬಡಿತದ ಒಂದು
ಎದ್ದು ಹೋಗದೆ ಕೂತಿರುತ್ತಿತ್ತು.

ಈಗ ಉತ್ತರ ಸರಿ, ಹತ್ತು ಸಲಕ್ಕೆ ಹತ್ತು.
ಆದರೆ ನಡುವೆ ಏನು ನಡೆಯಿತೆಂದು
ಯಾವ ಕಿಂಡಿಯಿಂದ ನೋಡಲಿ?

"ಹೈದರಾಬಾದಿಗೆ ಏನಂತ ಬರೀಲ್ರಿ ಮೇಡಂ?"
ಬರಿ, ಚಿಪ್ಪಿನದು ತಪ್ಪಿಲ್ಲ.
ರಾಡಿ ನಮ್ಮ ಹಗ್ಗದ್ದು.
ಎರಡನೆಯ ಸಾಲು ಅಳಿಸಿಸಿದೆ. ಮತ್ತೆ ಬರೆಸಿದೆ.

ಹೊಸ ನಕ್ಷೆಯಲ್ಲಿ ಪ್ರತಿ ರಿಜಿಸ್ಟರಿಗೂ ಒಂದು ನೆರಳು,
ಗಡಿಯಾರ ನಿಂತಾಗ ಮಾತ್ರ ತೆರೆಯುವ ಕಿಂಡಿ,
ಹರಿಯುವಾಗ ಮುಟ್ಟದ್ದು.
ಇನ್ನೂ ನಾಲ್ಕು ಬೋರ್ಡು ಬೇಕು.
ಪ್ರಿನ್ಸಿಪಾಲರ ಅರ್ಜಿಯಲ್ಲಿ ಕಾರಣ ಬರೆಯಲು ಒಂದೇ ಸಾಲಿದೆ.
ಭಾಗ್ಯವಂತಿ ಪೆನ್ನು ಹಿಡಿದು ಕಾಯುತ್ತಿದ್ದಾಳೆ.