ಮೂರನೇ ಕಿಟಕಿ

ಪರವಾನಗಿ ಸಾಯುವುದಿಲ್ಲ ತಾತಾ,
ಸಾಯುವುದು ಕಾರ್ಡು ಮಾತ್ರ.
ದಿನಕ್ಕೆ ನಲವತ್ತು ಸಲ ಹೇಳುತ್ತೇನೆ ಈ ಮಾತು,
ಕೊಮಾನಿಯ ಲೈಸೆನ್ಸ್ ಕಚೇರಿಯ ಮೂರನೇ ಕಿಟಕಿಯಲ್ಲಿ ಕೂತು.
ಒಮ್ಮೆ ಕಲಿತು ಪಾಸಾದದ್ದು ಉಸಿರಿರುವ ತನಕ ನಿಮ್ಮದೇ;
ಅದನ್ನು ಹೊತ್ತ ಪ್ಲಾಸ್ಟಿಕ್ಕಿಗೆ ಆಯುಷ್ಯ ಐದೇ ವರ್ಷ.
ಮುಗಿಯುವ ನಾಲ್ಕು ವಾರ ಮೊದಲೇ ಬನ್ನಿ.
ಗುರುತಿನ ಚೀಟಿ ತನ್ನಿ, ಮನೆ ವಿಳಾಸಕ್ಕೊಂದು ಸಾಕ್ಷಿ ತನ್ನಿ,
ಕಣ್ಣು ತನ್ನಿ.

ನಮ್ಮ ಖೋಸಾ ಮಾತಿನಲ್ಲಿ ತಾತಾ ಎಂದರೆ ಅಪ್ಪ.
ತಲೆ ನೆರೆತ ಯಾರನ್ನಾದರೂ ಹಾಗೆ ಕರೆಯಬಹುದು,
ಸತ್ತವರನ್ನೂ.

ಫಿಂಡಿಲೆ ಮಬಾಂಡ್ಲಾ ಬಂದದ್ದು ಒಂದು ಮಂಗಳವಾರ.
ಹೆಸರಿಗೆ ‘ಮತ್ತೊಮ್ಮೆ’ ಎಂಬರ್ಥ; ಆದರೂ
ಕಾರ್ಡು ತೀರಿ ಹನ್ನೊಂದು ದಿನವಾಗಿತ್ತು.
‘ನನ್ನ ಗಾಡಿಯಲ್ಲಿ ಹಿಂದೆ ಮಲಗಿದವರು
ಯಾರೂ ಕಾರ್ಡು ಕೇಳಲಿಲ್ಲ ಮಗಳೇ’ ಅಂದರು.
ನಾನು ನಕ್ಕೆ. ಅವರು ನಗಲಿಲ್ಲ.

ಅವರದು ಹೆಣದ ಗಾಡಿ.
ಜೊಹಾನ್ಸ್‌ಬರ್ಗ್, ರಸ್ಟನ್‌ಬರ್ಗ್, ಗಣಿ ಇರುವ ಊರುಗಳಿಂದ
ಶುಕ್ರವಾರ ರಾತ್ರಿ ಹೊರಟು
ಶನಿವಾರದ ಮಣ್ಣಿಗೆ ಮುಟ್ಟಿಸಬೇಕು.
ಮೇಜಿನ ಮೇಲಿಟ್ಟ ಕಾರ್ಡಿನ ಹಿಂದೆ ಇನ್ನೂ ಮೂರು ಹಳೆಯವು,
ರಬ್ಬರು ಸುತ್ತಿ. ಐದೈದು ವರ್ಷಕ್ಕೊಮ್ಮೆ
ಕೂದಲು ಇಷ್ಟಿಷ್ಟೇ ಹಿಂದೆ ಸರಿದಿತ್ತು;
ಅಂಗಿ ಅದೇ.

ಪೆಟ್ಟಿಗೆಗೆ ಹಣೆಯೊತ್ತಿದರು.
ಒಳಗೆ ಬಾಯ್ದೆರೆದ ಉಂಗುರಗಳ ಸಾಲು.
ಬಾಯಿ ಎತ್ತ ಕಡೆ?
ಮೇಲೆ. ಬಲಕ್ಕೆ. ಕೆಳಗೆ.
ಎಡಗಣ್ಣಿಗೆ ಬಂದಾಗ ಮಾತು ನಿಂತಿತು.
‘ಎಲ್ಲಾ ಮುಚ್ಚಿಕೊಂಡಿವೆ’ ಅಂದರು.

ಆಗ ನನಗೆ ಹತ್ತೊಂಬತ್ತು. ಅದೇ ಗಾಡಿಯ ಮುಂದಿನ ಸೀಟು.
ಮಂಡಿಯ ಮೇಲೆ ಕಂಬಳಿ, ಹಿಂದೆ ಅಪ್ಪ.
ಸತ್ತವರಿಗೆ ದಾರಿ ಹೇಳುತ್ತ ಹೋಗಬೇಕು,
ಪ್ರತಿ ಹೊಳೆಗೆ, ಪ್ರತಿ ಕವಲಿಗೆ.
ಹೇಳದಿದ್ದರೆ ಜೀವ ಹಿಂದಿನ ತಿರುವಿನಲ್ಲೇ ನಿಂತುಬಿಡುತ್ತದೆ.
ಹೇಳಬೇಕಾದವಳು ನಾನು. ನಾಲಿಗೆ ಏಳಲಿಲ್ಲ.
ಅಲಿವಾಲ್ ನಾರ್ತಿನ ಸೇತುವೆಯ ಹತ್ತಿರ
ಗಾಡಿ ನಿಧಾನಿಸಿ ಅವರೇ ಅಂದರು:
‘ತಾತಾ, ಇದು ಆರೆಂಜ್ ನದಿ. ದಾಟುತ್ತಿದ್ದೇವೆ.
ನಿಮ್ಮ ಮಗಳಿಗೆ ನಿದ್ದೆ ಬಂದಿದೆ,
ಅದಕ್ಕೇ ನಾನು ಹೇಳುತ್ತಿದ್ದೇನೆ.’
ನನಗೆ ನಿದ್ದೆ ಬಂದಿರಲಿಲ್ಲ.

ಅವರಿಗೆ ಇದೊಂದೂ ನೆನಪಿಲ್ಲ.
ಎಷ್ಟು ಮಕ್ಕಳು ಆ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರೋ.

‘ಬಲಕ್ಕೆ’ ಎಂದು ಪಿಸುಗುಟ್ಟಿದ್ದರೆ ಮುಗಿದುಹೋಗುತ್ತಿತ್ತು.
ತುಟಿಯ ತನಕ ಬಂದಿತ್ತು.
ಆ ಸೇತುವೆ ಕಿರಿದು; ಎದುರಿಗೆ ಲಾರಿ ಬಂದರೆ
ಎರಡು ಕಣ್ಣೂ ಬೇಕು.
ಬರೆದೆ: ಎಡಗಣ್ಣು, ಸಾಲದು.
ಕನ್ನಡಕದ ಅಂಗಡಿಗೆ ಚೀಟಿ ಹರಿದುಕೊಟ್ಟೆ.

ಎಂಟು ದಿನಕ್ಕೆ ಮತ್ತೆ ಬಂದರು, ಮೂಗಿನ ಮೇಲೆ ಹೊಸ ಕಪ್ಪು ಚೌಕಟ್ಟು,
ಬೆಲೆಯ ಚೀಟಿಯ ದಾರ ಇನ್ನೂ ಕಿವಿಯ ಬಳಿ ಜೋತಾಡುತ್ತಿತ್ತು.
ಉಂಗುರಗಳೆಲ್ಲ ಬಾಯಿ ತೆರೆದವು.
ಹತ್ತೂ ಬೆರಳು ಗಾಜಿನ ಮೇಲಿಟ್ಟರು,
ಗೇರಿನಿಂದ ಸವೆದ ಅಂಗೈಯ ಗುರುತು ಮೂರನೇ ಸಲಕ್ಕೆ ಮೂಡಿತು.

ಆಮೇಲೆ ಹೇಳಲೇಬೇಕಾಯಿತು:
ಇಡೀ ದೇಶಕ್ಕೆ ಕಾರ್ಡು ಅಚ್ಚು ಹಾಕುವ ಯಂತ್ರ ಒಂದೇ, ತಾತಾ,
ಅದೂ ಈಗ ಕೆಟ್ಟು ಕೂತಿದೆ.
ಯಾವಾಗ ಸರಿಹೋಗುತ್ತದೋ ನನಗೂ ಹೇಳಿಲ್ಲ.
ಇನ್ನಷ್ಟು ದುಡ್ಡು ಕಟ್ಟಿ, ಈ ಕಾಗದ ಹಿಡಿಯಿರಿ;
ಆರು ತಿಂಗಳು ಇದೇ ಕಾರ್ಡು.
ನಾಲ್ಕು ಮಡಿಕೆ ಮಾಡಿ ಟೋಪಿಯೊಳಗಿಟ್ಟುಕೊಂಡರು.
‘ಒಂದೇ ಯಂತ್ರವೇ?’ ಅಂದರು, ‘ಪಾಪ,
ಅದಕ್ಕೂ ವಯಸ್ಸಾಗಿರಬೇಕು.’

ಹೊಸ ಕನ್ನಡಕಕ್ಕೆ ನೆಲ ಹತ್ತಿರ ಬಂದಂತಿರುತ್ತದೆ.
ಬಾಗಿಲಲ್ಲಿ ಕಾಲು ಗಾಳಿಯಲ್ಲಿ ತಡವರಿಸಿತು.
ಕಿಟಕಿ ಬಿಟ್ಟು ಓಡಿದೆ, ಸಾಲಿನವರು ಗೊಣಗುತ್ತಿದ್ದರು.
ಮೊಣಕೈ ಹಿಡಿದೆ. ಯಾರ ದನಿಯೋ ಎಂಬಂತೆ
ನನ್ನ ಬಾಯಲ್ಲಿ ಬಂತು:
ತಾತಾ, ಇದು ಹೊಸ್ತಿಲು. ದಾಟುತ್ತಿದ್ದೇವೆ.
ಇನ್ನು ಎರಡು ಮೆಟ್ಟಿಲಿವೆ.