ಹನಿಗೊಂದು ಹಳ್ಳ

ಬೋರ್ಗಲ್ಲ ಮೇಲೆ ಮಳೆ ಸುರಿದಂತೆ ಅಂತಾರಲ್ಲ,
ಮಾತು ಕೇಳದ ಮಕ್ಕಳಿಗೆ, ನಿಮಗೆ, ನನಗೆ,
ಆ ಮಾತು ಹುಟ್ಟಿಸಿದವರು
ಪ್ರೀಸ್ಕಾದ ಬಯಲು ಕಂಡವರಲ್ಲ.

ದಕ್ಷಿಣ ಆಫ್ರಿಕದಲ್ಲಿ, ಆರೆಂಜ್ ನದಿಯಿಂದ ಅಷ್ಟು ದೂರ,
ಮಳೆಯೆಂದರೆ ಊಟದ ತಟ್ಟೆ ಬಿಟ್ಟು
ಮನೆಮಂದಿಯೆಲ್ಲ ಅಂಗಳಕ್ಕೆ ಓಡುವ ಸೀಮೆಯಲ್ಲಿ
ಗ್ರಿಯೆತಾ ಎಂಬ ಹುಡುಗಿ. ಒಂಬತ್ತು ವರ್ಷ.
ಅಜ್ಜ ಫ್ಲೋರಿಸನ ಮೂವತ್ತೆರಡು ಕುರಿ ಅವಳ ಲೆಕ್ಕಕ್ಕೆ.
ಬೇಲಿಯಾಚೆ ಚಪ್ಪಟೆ ಬಂಡೆ, ಅದರ ತುಂಬ
ಪಡ್ಡಿನ ಹಂಚಿನ ಹಾಗೆ ಪುಟ್ಟ ಪುಟ್ಟ ಗುಳಿ.

"ಬಂಡೆಗೆ ಸಿಡುಬು ಬಂದಿತ್ತು" ಅಂದ ಅಜ್ಜ.
"ಯಾವಾಗ?"
"ನಾನು ಹುಟ್ಟೋಕೆ ಮುಂಚೆ."
ಅದಕ್ಕಿಂತ ಹಳೆಯ ಕಾಲ ಅಜ್ಜನ ಬಳಿ ಇರಲಿಲ್ಲ.

ಆಮೇಲೆ ಬಂದಳು ನೋಲ್ವಾಜಿ.
ಧೂಳು ಮೆತ್ತಿದ ಜೀಪು, ಮುರಿದ ಕನ್ನಡಕದ ಕಾಲಿಗೆ ದಾರ,
ಹಿಂದಿನ ಸೀಟಿನಲ್ಲಿ ಒಂದು ಮೂಟೆ ಬೂದಿ.
ಒಲೆಯದಲ್ಲ, ದೂರದ ದ್ವೀಪದ ಜ್ವಾಲಾಮುಖಿ ಉಗುಳಿದ್ದು.
ಬಂಡೆಯ ಮುಂದೆ ಮಂಡಿಯೂರಿ
ಅರ್ಧ ದಿನ ಮಾತೇ ಆಡಲಿಲ್ಲ.
ಕೊನೆಗೆ ಗ್ರಿಯೆತಾಳ ಬೆರಳು ಹಿಡಿದು
ಒಂದು ಗುಳಿಯೊಳಗೆ ಇಟ್ಟಳು:
"ಇದು ಮಳೆ."

"ಎಂದಿನದು?"
"ಇನ್ನೂರ ಎಪ್ಪತ್ತು ಕೋಟಿ ವರ್ಷದ ಹಿಂದಿನದು.
ಮಧ್ಯಾಹ್ನವೋ ನಡುರಾತ್ರಿಯೋ, ಗೊತ್ತಿಲ್ಲ.
ಬೆಟ್ಟ ಉಗುಳಿದ ಬೂದಿ ಹಾಸಿಕೊಂಡಿತ್ತು,
ಮೋಡ ನಾಲ್ಕು ಹನಿ ಉದುರಿಸಿ ಹೋಯಿತು.
ಜೋರಾಗಿ ಸುರಿದಿದ್ದರೆ ಎಲ್ಲ ಕಲಸಿಹೋಗುತ್ತಿತ್ತು; ಸುರಿಯಲಿಲ್ಲ.
ಮೇಲೆ ಮತ್ತೆ ಬೂದಿ ಬಿತ್ತು, ಮೆಲ್ಲಗೆ, ಕಂಬಳಿ ಹೊದಿಸಿದ ಹಾಗೆ.
ಕಂಬಳಿಯ ಕೆಳಗೆ ಗುಳಿಗಳು ಕಲ್ಲಾದವು."

ಆಗ ಹುಲ್ಲಿಲ್ಲ. ಹಕ್ಕಿಯಿಲ್ಲ. ಕೊಡೆ ಹಿಡಿಯುವ ಕೈಯಿಲ್ಲ.
ಚಂದಿರ ಇಂದಿಗಿಂತ ಹತ್ತಿರ, ದಿನ ಇಂದಿಗಿಂತ ಗಿಡ್ಡ.
ನಾವು ಉಸಿರಾಡಲಾಗದ ಗಾಳಿ.
ಮಳೆಯ ವಾಸನೆ ಹಿಡಿಯಲು
ಎಲ್ಲೂ ಒಂದು ಮೂಗಿಲ್ಲ.
ಆದರೂ ಮಳೆ ಬಂತು.

ಹನಿಹನಿಗೂಡಿದರೆ ಹಳ್ಳ ಅನ್ನುತ್ತೇವೆ ನಾವು.
ಇಲ್ಲಿ ನೋಡಿ, ಹನಿಗೊಂದು ಹಳ್ಳ.

"ಗುಳಿ ನೋಡಿದರೆ ಏನು ತಿಳಿಯುತ್ತೆ?" ಗ್ರಿಯೆತಾ ಬಿಡುವವಳಲ್ಲ.
"ನೀರೊಳಗೆ ಓಡಿದ್ದೀಯಾ?"
"ಕುರಿತೊಟ್ಟಿಯಲ್ಲಿ. ಯಾರೋ ಕಾಲು ಹಿಡಿದೆಳೆದ ಹಾಗೆ."
"ಹನಿಗೂ ಹಾಗೇ. ಗಾಳಿ ದಪ್ಪಗಿದ್ದರೆ ಹಿಡಿದೆಳೆಯುತ್ತೆ,
ಹನಿ ನಿಧಾನ ಇಳಿಯುತ್ತೆ, ಗುಳಿ ಸಣ್ಣದು.
ಗಾಳಿ ತೆಳ್ಳಗಿದ್ದರೆ ಧುಮುಕುತ್ತೆ, ಗುಳಿ ದೊಡ್ಡದು.
ಗುಳಿ ಅಳೆದು ಅಂದಿನ ಗಾಳಿ ತೂಗಬಹುದು."

ತಟ್ಟೆಯಲ್ಲಿ ಬೂದಿ ಹರಡಿ, ಸೊಂಟಕ್ಕೆ ಹಗ್ಗ ಬಿಗಿದು
ನೀರೆತ್ತುವ ಗಾಳಿಯಂತ್ರದ ಏಣಿ ಹತ್ತಿದಳು ಗ್ರಿಯೆತಾ.
ಮೊದಲ ಹನಿ ಕುರಿಯ ಮೂಗಿಗೆ.
ಎರಡನೆಯದು ಅಜ್ಜನ ಟೋಪಿಗೆ.
ಹದಿನೇಳನೆಯದು ಎಲ್ಲಿ ಹೋಯಿತೋ, ಇನ್ನೂ ಪತ್ತೆಯಿಲ್ಲ.
ಸಂಜೆಗೆ ಗಾಳಿ ಬಿದ್ದುಹೋಯಿತು,
ರೆಕ್ಕೆಗಳು ಕಿರ್ರೆಂದು ಸುಮ್ಮನಾದವು.
ಟಪ್.
ಬೂದಿಯಲ್ಲೊಂದು ಗುಳಿ, ಸುತ್ತ ಸಣ್ಣ ಕಟ್ಟೆ,
ಬಂಡೆಯ ಗುಳಿಗೆ ಅವಳಿ ತಂಗಿ.

ನೋಲ್ವಾಜಿ ಅಳೆದಳು, ಬರೆದಳು, ಹೊಡೆದುಹಾಕಿ ಮತ್ತೆ ಬರೆದಳು.
"ಈಗ ಹೇಳು, ಗಾಳಿ ಎಷ್ಟಿತ್ತು?"
"ಇಷ್ಟೇ ಅನ್ನಲಾರೆ. ಆ ಹನಿ ಎಷ್ಟು ದಪ್ಪವೋ ಕಂಡವರಿಲ್ಲ.
ಇಂದಿನ ಎರಡರಷ್ಟು ಇರಲಿಲ್ಲ, ಅಷ್ಟು ಹೇಳಬಲ್ಲೆ."
"ಅಷ್ಟೇನಾ? ಇಷ್ಟೆಲ್ಲ ಮಾಡಿ?"
"ಅಷ್ಟೇ" ಅಂದಳು ನೋಲ್ವಾಜಿ,
ಹಬ್ಬದ ಊಟ ಉಂಡವಳ ಮುಖದಲ್ಲಿ.

ತಟ್ಟೆ ಹೊರಗೇ ಮರೆತುಹೋಯಿತು.
ಬೆಳಗ್ಗೆ ನೋಡಿದರೆ ಯಾವುದೋ ಮರಿ
ನಡುವೆಯೇ ಕಾಲಿಟ್ಟು ಹೋಗಿದೆ.
ಅಜ್ಜ ಒರೆಸಲು ಹೋದ.
"ಬಿಡಜ್ಜ, ಒಣಗಲಿ" ಅಂದಳು ಗ್ರಿಯೆತಾ,
"ಕೋಟಿ ವರ್ಷ ಬಿಟ್ಟು ಯಾರೋ ಬಂದು ತಲೆ ಕೆರೆದುಕೊಳ್ಳಲಿ:
ಅದೆಂಥ ಮಳೆಯಪ್ಪಾ ಅದು,
ಹನಿಗೆ ಸೀಳುಗೊರಸು!"